ಕಂಪ್ಯೂಟರ್ ಮಲಗಿಸುತ್ತಿದ್ದ ಕಾಕಾ

ಕಾಕಾ ಅವರ ಬಲಗೈಯಲ್ಲಿ ಮೂರೇ ಬೆರಳುಗಳಿದ್ದವು. ಕಿರುಬೆರಳು, ಉಂಗುರಬೆರಳು ಎರಡೂ ಬುಡದಿಂದಲೇ ಹೋಗಿ, ಆ ಜಾಗದ ಚರ್ಮ ನುಣ್ಣಗೆ ಹೊಳೆಯುತ್ತಿತ್ತು. ಆ ಅಂಗೈಯನ್ನು ಅವರು ಡಿಸ್ಕಿನ ಕಬ್ಬಿಣದ ಪೆಟ್ಟಿಗೆಯ ಮೇಲೆ ಮೆಲ್ಲಗೆ ಇಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಒಳಗೆ ತಿರುಗುವ ತಟ್ಟೆಗಳ ನಡುಕ ಪೂರ್ತಿ ನಿಂತಿದ್ದು ಕೈಗೆ ತಿಳಿದ ಮೇಲೆಯೇ ಗೋಡೆಯ ಸ್ವಿಚ್ಚು ಆರಿಸುತ್ತಿದ್ದರು. ಜ್ವರ ಬಂದ ಮಗುವಿನ ಎದೆ ಮುಟ್ಟಿ ನೋಡುವವರ ಹಾಗೆ ಕಾಣುತ್ತಿತ್ತು.

ಅವರು ನನಗೆ ಸಂಬಂಧಿಕರಲ್ಲ. ಚಿಕ್ಕೋಡಿಯ ಆ ಟ್ರಸ್ಟ್ ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರಿಗೂ ಅವರು ಕಾಕಾ. ಮೊದಲು ಜನರೇಟರ್ ನೋಡಿಕೊಳ್ಳುವ ವೈರ್‌ಮನ್ ಆಗಿ ಸೇರಿದವರು. ತೊಂಬತ್ತರ ದಶಕದ ನಡುವೆ ಆಸ್ಪತ್ರೆಗೆ ಕಂಪ್ಯೂಟರ್ ಬಂದಾಗ ಬೆಳಗಾವಿಯಿಂದ ಬಂದ ಇಂಜಿನಿಯರು ನಾಲ್ಕು ದಿನ ಇದ್ದು ಹೋದ. ಆ ನಾಲ್ಕೂ ದಿನ ಕಾಕಾ ಅವನ ಬೆನ್ನಿಗೇ ನಿಂತು ನೋಡಿದರು. ಅವನು ಬಿಟ್ಟುಹೋದ ದಪ್ಪ ಇಂಗ್ಲಿಷ್ ಪುಸ್ತಕವನ್ನು ಹೈಸ್ಕೂಲಿಗೆ ಹೋಗುವ ಮಗಳನ್ನು ಕೂರಿಸಿಕೊಂಡು ಓದಿಸಿದರು. ಆರು ತಿಂಗಳಲ್ಲಿ ಕಂಪ್ಯೂಟರ್ ಕೋಣೆ ಅವರದಾಯಿತು. ನಿಪ್ಪಾಣಿಯಲ್ಲಿ ಕೋರ್ಸು ಮುಗಿಸಿಕೊಂಡು ನಾನು ಆ ಕೋಣೆಗೆ ಸೇರಿದಾಗ ನನಗೆ ಇಪ್ಪತ್ತೊಂದು. ಸರ್ಟಿಫಿಕೇಟು ನನ್ನ ಹತ್ತಿರ ಇತ್ತು, ವಿದ್ಯೆ ಅವರ ಹತ್ತಿರ.

ಕೋಣೆಯಲ್ಲಿ ಒಂದು ಸರ್ವರ್, ಅದರ ಪಕ್ಕಕ್ಕೆ ದಾಖಲೆಗಳೆಲ್ಲ ಉಳಿದಿರುವ ಆ ಡಿಸ್ಕಿನ ಪೆಟ್ಟಿಗೆ. ಅಲ್ಲಿಂದ ನಾಲ್ಕು ತಂತಿಗಳು ಚೀಟಿ ಮಾಡಿಸುವ ಕೌಂಟರಿಗೆ, ಲ್ಯಾಬಿಗೆ, ಔಷಧಿ ಕೋಣೆಗೆ, ಹೆರಿಗೆ ವಾರ್ಡಿಗೆ ಹೋಗಿದ್ದವು. ದಿನಕ್ಕೆ ಮೂರು ನಾಲ್ಕು ಸಲ ಕರೆಂಟು ಹೋಗುವ ಕಾಲ. ಹೋದಾಗ ಬ್ಯಾಟರಿಯ ಯುಪಿಎಸ್ ಕೂಗಲು ಶುರುಮಾಡುತ್ತಿತ್ತು. ಕಾಕಾ ಅವಸರ ಮಾಡದೆ ಎದ್ದು, ನಾಲ್ಕೂ ಕಡೆ ಹೋಗಿ, ಕೆಲಸ ಮಾಡುತ್ತಿದ್ದವರು ಬರೆದದ್ದನ್ನು ಉಳಿಸಿ ಹೊರಗೆ ಬರುವತನಕ ಪಕ್ಕದಲ್ಲೇ ನಿಲ್ಲುತ್ತಿದ್ದರು. ಆಮೇಲೆ ಸರ್ವರ್. ಎಲ್ಲಕ್ಕೂ ಕೊನೆಗೆ ಡಿಸ್ಕಿನ ಪೆಟ್ಟಿಗೆ. ಎಬ್ಬಿಸುವಾಗ ಸರಿಯಾಗಿ ತಿರುಗುಮುರುಗು: ಮೊದಲು ಪೆಟ್ಟಿಗೆ, ಅದರ ತಿರುಗು ಒಂದು ಹದಕ್ಕೆ ಬಂದ ಮೇಲೆ ಸರ್ವರ್, ನಂತರ ಒಂದೊಂದಾಗಿ ಉಳಿದವು. ‘ಬಂದ್ ಮಾಡು’ ಎಂದು ಅವರು ಎಂದೂ ಅನ್ನಲಿಲ್ಲ. ‘ಮಲಗಸು’ ಅನ್ನುತ್ತಿದ್ದರು. ಕರೆಂಟು ಹೋದಾಗ, ಅದು ತಿರುಗಿ ಬರುವ ಮೊದಲು ಎಲ್ಲ ಸ್ವಿಚ್ಚುಗಳನ್ನೂ ಆರಿಸಿರಲೇಬೇಕು ಎಂಬುದು ಅವರ ಕಟ್ಟುನಿಟ್ಟು.

ಅದರ ಕಾರಣವನ್ನು ನನಗೆ ಒಂದೇ ಸಲ ಹೇಳಿದ್ದರು. ಹರೆಯದಲ್ಲಿ ಹೊಳೆಯ ದಂಡೆಯ ಪಂಪಿನ ಮನೆಯಲ್ಲಿ ಕೆಲಸಕ್ಕಿದ್ದರಂತೆ. ಕರೆಂಟು ಹೋದಾಗ ಪಂಪಿನ ಸ್ಟಾರ್ಟರನ್ನು ಕೆಳಗೆ ಎಳೆದು ಆರಿಸದೆ ಹಾಗೇ ಬಿಟ್ಟು, ಬಿಚ್ಚಿದ್ದ ಬೆಲ್ಟನ್ನು ಕೂರಿಸಲು ಕೈ ಹಾಕಿದ್ದರು. ಬಿಟ್ಟವರೂ ಅವರೇ, ಕೈ ಹಾಕಿದವರೂ ಅವರೇ. “ತಿರಗಿ ಬರೂ ಕರೆಂಟಾ ನಿನ್ನ ಕೈ ಎಲ್ಲಿ ಐತಿ ಅಂತ ನೋಡಂಗಿಲ್ಲ ತಂಗಿ,” ಅಂದಿದ್ದರು.

ಆ ಸರ್ವರಿನಲ್ಲಿ ರೋಗಿಗಳ ಕಾಗದಪತ್ರಗಳ ಜೊತೆಗೆ ಇನ್ನೊಂದು ಯಾದಿ ಇತ್ತು. ಚಿಕ್ಕೋಡಿ, ರಾಯಬಾಗ, ನಿಪ್ಪಾಣಿ ಸುತ್ತಿನ ಹಳ್ಳಿಗಳಲ್ಲಿ ಕರೆದರೆ ಬಂದು ರಕ್ತ ಕೊಡುವವರ ಹೆಸರು, ಗುಂಪು, ಅವರ ಸಮೀಪದ ಫೋನು. ಊರೂರಿಗೆ ಕ್ಯಾಂಪು ಹೋದಾಗ ನರ್ಸುಗಳು ಬರೆದುಕೊಂಡು ಬಂದದ್ದನ್ನು ನಾನು ಒಳಗೆ ಸೇರಿಸುತ್ತಿದ್ದೆ. ಎರಡು ತಿಂಗಳಿಗೊಮ್ಮೆ ಕಾಕಾ ಅದನ್ನು ಪ್ರಿಂಟು ತೆಗೆದು ಲ್ಯಾಬಿನ ಗೋಡೆಗೆ ತೂಗುಹಾಕುತ್ತಿದ್ದರು.

ಆ ದಿನ ಮಳೆಗಾಲದ ಒಂದು ಮಧ್ಯಾಹ್ನ. ಯುಪಿಎಸ್ಸಿನ ಬ್ಯಾಟರಿಗಳು ಹಳೆಯವಾಗಿದ್ದರಿಂದ ಹೊಸವು ತರಲು ಕಾಕಾ ನಿಪ್ಪಾಣಿಗೆ ಹೋಗಿದ್ದರು. ಹೋಗುವ ಮೊದಲು, ಕರೆಂಟು ಹೋದರೆ ತಡಮಾಡದೆ ಮಲಗಿಸಿಬಿಡು, ಬ್ಯಾಟರಿ ನಂಬಬೇಡ ಎಂದು ಎರಡು ಸಲ ಹೇಳಿದ್ದರು. ಕರೆಂಟು ಹೋಯಿತು. ಜನರೇಟರಿಗೆ ನೀರು ಹೊಕ್ಕು ಅದೂ ಏಳಲಿಲ್ಲ. ಯುಪಿಎಸ್ ಕೂಗತೊಡಗಿತು. ಲ್ಯಾಬಿನಿಂದ ಐದು ನಿಮಿಷ ತಡೆಯಿರಿ, ರಿಪೋರ್ಟು ಹಾಕುತ್ತಿದ್ದೇವೆ ಎಂದು ಕೂಗಿ ಹೇಳಿದರು. ನಾನು ತಡೆದೆ. ಹೇಗೂ ಈಗ ಬರುತ್ತದೆ ಎಂಬ ಭರವಸೆ ಬೇರೆ. ನಾಲ್ಕನೆಯ ನಿಮಿಷಕ್ಕೆ ಯುಪಿಎಸ್ಸಿನ ಕೂಗು ನಿಂತಿತು. ಸರ್ವರ್, ಪೆಟ್ಟಿಗೆ, ತೆರೆಗಳೆಲ್ಲ ಒಂದೇ ಏಟಿಗೆ ಕತ್ತಲಾದವು.

ನಾನು ಗಾಬರಿಯಲ್ಲಿ ಒಂದು ಸ್ವಿಚ್ಚನ್ನೂ ಆರಿಸಲಿಲ್ಲ. ಸ್ವಲ್ಪ ಹೊತ್ತಿಗೆ ಕರೆಂಟು ಬಂದಾಗ ಎಲ್ಲವೂ ಒಟ್ಟಿಗೇ ಎದ್ದವು. ಪೆಟ್ಟಿಗೆ ಇನ್ನೂ ತಿರುಗಲು ಹೆಣಗುತ್ತಿರುವಾಗಲೇ ಸರ್ವರ್ ಅದನ್ನು ಹುಡುಕಿ, ಸಿಗಲಿಲ್ಲವೆಂದು ತೆರೆಯ ಮೇಲೆ ಬರೆದು ನಿಂತಿತು. ಅಲ್ಲಿಗೆ ಕೈ ಬಿಟ್ಟು ಕಾಕಾ ಬರುವತನಕ ಕಾದಿದ್ದರೆ ಅಷ್ಟೇನೂ ಕೆಡುತ್ತಿರಲಿಲ್ಲ. ನಾನು ಮಾತ್ರ ಯಾರೂ ನೋಡುವ ಮೊದಲೇ ಸರಿಮಾಡಿಬಿಡಬೇಕೆಂದು ಸ್ವಿಚ್ಚು ಆರಿಸಿ ಹಚ್ಚಿದೆ. ಮತ್ತೆ ಆರಿಸಿ ಹಚ್ಚಿದೆ. ಮೂರು ಸಲ. ಮೂರನೆಯ ಸಲ ಪೆಟ್ಟಿಗೆಯೊಳಗಿಂದ ಕರಕರ ಎಂಬ ಸದ್ದು ಬಂತು.

ಅದೇ ಹೊತ್ತಿಗೆ ಹೆರಿಗೆ ವಾರ್ಡಿನ ಸಿಸ್ಟರು ಓಡಿಬಂದರು. ಅಲಖನೂರದಿಂದ ಬಂದಿದ್ದ ಬಾಣಂತಿಗೆ ರಕ್ತಸ್ರಾವ ನಿಲ್ಲುತ್ತಿಲ್ಲ. ಗುಂಪು ಓ ನೆಗೆಟಿವ್. ಬೆಳಗಾವಿಗೆ ಕಳಿಸಿದರೆ ದಾರಿ ತಡೆದುಕೊಳ್ಳುವ ಸ್ಥಿತಿಯಲ್ಲಿಲ್ಲ. ಗೋಡೆಯ ಯಾದಿಯಲ್ಲಿ ಆ ಗುಂಪಿನ ಎರಡೇ ಹೆಸರಿದ್ದವು. ಒಬ್ಬರು ಇಚಲಕರಂಜಿಗೆ ಕೆಲಸಕ್ಕೆ ಹೋಗಿದ್ದರು. ಇನ್ನೊಬ್ಬರು ಎರಡು ವಾರದ ಹಿಂದಷ್ಟೇ ಕೊಟ್ಟಿದ್ದರು. ಹಿಂದಿನ ವಾರ ಕೊಗನೊಳ್ಳಿಯ ಕ್ಯಾಂಪಿನಿಂದ ಬಂದ ಮೂರನೆಯ ಹೆಸರನ್ನು ಸೇರಿಸಿದವಳು ನಾನೇ. ಸೇರಿಸಿದ ಮೇಲೆ ನರ್ಸಿನ ಚೀಟಿಯನ್ನು ಹರಿದೊಗೆದಿದ್ದೆ. ಹೆಸರು ಎಷ್ಟು ನೆನೆಸಿಕೊಂಡರೂ ನನಗೂ ನೆನಪಾಗಲಿಲ್ಲ, ಆ ನರ್ಸಿಗೂ ನೆನಪಾಗಲಿಲ್ಲ.

ಕಾಕಾ ಬಸ್ಸಿನಿಂದ ಇಳಿದು ಬಂದಾಗ ಬಾಗಿಲಲ್ಲಿ ದೊಡ್ಡ ಡಾಕ್ಟರು ನಿಂತಿದ್ದರು. ಈ ಕ್ಷಣವೇ ಹಚ್ಚಿರಿ ಎಂದರು. ಕಾಕಾ ಅಂಗೈಯನ್ನು ಪೆಟ್ಟಿಗೆಯ ಮೇಲಿಟ್ಟರು. ಕೈ ತೆಗೆದು ಸ್ವಿಚ್ಚು ಆರಿಸಿದರು.

“ಸಾಹೇಬ್ರ, ಈಗ ಹಚ್ಚಂದ್ರ ಹಚ್ತೇನ್ರಿ. ಹಚ್ಚಿದ ಮ್ಯಾಲೆ ಇದು ಪೂರಾ ಹೋತಂದ್ರ ಆ ಹೆಸರು ಇವತ್ತೂ ಸಿಗಂಗಿಲ್ಲ, ನಾಳೀನೂ ಸಿಗಂಗಿಲ್ಲ. ನನಗ ಅರ್ಧಾ ತಾಸ ಕೊಡ್ರಿ.”

ಅರ್ಧ ತಾಸು ಅವಳಿಗೆ ಇದೆಯೋ ಇಲ್ಲವೋ ಎಂದು ಡಾಕ್ಟರು ದನಿ ಎತ್ತರಿಸಿದರು. ಕಾಕಾ ತಲೆ ತಗ್ಗಿಸಿದರೇ ಹೊರತು ಕೈ ಸ್ವಿಚ್ಚಿಗೆ ಹೋಗಲಿಲ್ಲ. ಡಾಕ್ಟರು ವಾರ್ಡಿಗೆ ಓಡಿದರು.

ನಾನು ಬಾಯಿಬಿಟ್ಟೆ. “ಕಾಕಾ, ನಾನ ಕೆಡಿಸೇನ್ರಿ…”

“ಅದು ಆಮ್ಯಾಲೆ. ಈಗ ಲ್ಯಾಬಿಂದ ಪ್ಲಗ್ ಕಿತ್ತ ಬಾ.”

ನಾಲ್ಕೂ ಕಡೆಯ ಪ್ಲಗ್ಗು ಕಿತ್ತು ಬಂದೆವು. ಪೆಟ್ಟಿಗೆ ತಣ್ಣಗಾಗುವತನಕ ಕಾಯಿಸಿದರು. ಬಾಗಿಲ ಹೊರಗೆ ಬಾಣಂತಿಯ ಅತ್ತೆ ನೆಲಕ್ಕೆ ಕುಳಿತಿದ್ದರು. ಹೆಸರು ಸಿಗುತ್ತದೇನಪ್ಪಾ ಎಂದು ಕೇಳಿದರು. ಸಿಗುತ್ತದೆ ಎಂದು ನಾನಾಗಿದ್ದರೆ ಹೇಳಿಬಿಡುತ್ತಿದ್ದೆ. ಕಾಕಾ ಅವರ ಮುಂದೆ ಕುಕ್ಕರಗಾಲಲ್ಲಿ ಕೂತು, “ಸಿಗತೈತಿ ಅಂತ ನಾ ಹೇಳಂಗಿಲ್ಲವ್ವಾ. ಹುಡಕಾಕತ್ತೇನಿ,” ಅಂದರು. ಆ ಮುದುಕಿ ತಲೆಯಾಡಿಸಿದರು. ಕಾಕಾ ಒಳಗೆ ಬಂದು ಪೆಟ್ಟಿಗೆ ಹಚ್ಚಿದರು. ಅಂಗೈ ಇಟ್ಟು ನಿಂತರು. ಬಹಳ ಹೊತ್ತಿನ ಮೇಲೆ ಸರ್ವರ್. ಡಿಸ್ಕನ್ನು ಮೊದಲಿನಿಂದ ಕೊನೆಯತನಕ ತಪಾಸಣೆ ಮಾಡುವ ಆಜ್ಞೆಯನ್ನು ಮೂರು ಬೆರಳಲ್ಲಿ ಒಂದೊಂದೇ ಅಕ್ಷರ ನೋಡಿ ಒತ್ತಿದರು. ತೆರೆಯ ಮೇಲೆ ಅಂಕಿಗಳು ನೂರರ ಕಡೆಗೆ ತೆವಳಿದವು. ನಲವತ್ತರಲ್ಲಿ ನಿಂತು, ಮತ್ತೆ ಹೊರಟವು. ಅವರ ಅಂಗಿಯ ಬೆನ್ನು ಬೆವರಿಗೆ ಪೂರ್ತಿ ತೊಯ್ದಿದ್ದನ್ನು ಆಗ ನೋಡಿದೆ.

ಸರ್ವರ್ ತಾನು ಎದ್ದ ಹೊತ್ತನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ತಪಾಸಣೆ ಮುಗಿದಾಗ ಆ ಸಾಲುಗಳು ತೆರೆಯ ಮೇಲೆ ಬಂದವು. ಎರಡು ನಿಮಿಷದೊಳಗೆ ಮೂರು ಸಲ. ಕಾಕಾ ಅದನ್ನು ನೋಡಿದರು. ನನ್ನ ಕಡೆ ನೋಡಲಿಲ್ಲ.

ಹಳೆಯ ರೋಗಿಗಳ ಕೆಲವು ಕಾಗದಗಳು ಹೋಗಿದ್ದವು. ಯಾದಿ ಉಳಿದಿತ್ತು. ಕೊಗನೊಳ್ಳಿಯಲ್ಲಿ ಹೈವೇ ಮೇಲೆ ಪಂಕ್ಚರ್ ಅಂಗಡಿ ಇಟ್ಟವರು, ಪಕ್ಕದ ಎಸ್‌ಟಿಡಿ ಬೂತಿನ ನಂಬರು. ಅವರು ಫೋನಿಗೆ ಬಂದು, ಕಾಕಾ ಮರಾಠಿಯಲ್ಲಿ ಎರಡು ಮಾತು ಹೇಳುವಷ್ಟರಲ್ಲೇ “ನಿಘಾಲೋ”, ಹೊರಟೆ ಅಂದು ಇಟ್ಟುಬಿಟ್ಟರು. ಯಾರದೋ ಜೀಪು ಹತ್ತಿ ತಾಸಿನೊಳಗೆ ಬಂದರು. ಬಾಣಂತಿ ಉಳಿದಳು. ಆದರೆ ಅವಳ ಗರ್ಭಕೋಶ ತೆಗೆಯಬೇಕಾಯಿತು. ರಕ್ತ ಮೊದಲೇ ಸಿಕ್ಕಿದ್ದರೆ ಅದು ತಪ್ಪುತ್ತಿತ್ತೇ ಎಂದು ನಾನು ಯಾವ ಡಾಕ್ಟರನ್ನೂ ಇವತ್ತಿನವರೆಗೆ ಕೇಳಿಲ್ಲ.

ಸಂಜೆ ಟ್ರಸ್ಟಿನವರು ಕರೆಸಿದರು. ಹೇಗಾಯಿತೆಂದು ಅಧ್ಯಕ್ಷರು ಕೇಳಿದರು. ಹೇಳಬೇಕಾದವಳು ನಾನು. ನನ್ನ ನಾಲಿಗೆ ಏಳಲಿಲ್ಲ. ಕಾಕಾ ಎದ್ದು ನಿಂತು, “ಬ್ಯಾಟರಿ ಹಳೇವದಾವ ಅಂತ ಗೊತ್ತಿದ್ದೂ ಹುಡುಗಿ ಒಬ್ಬಾಕಿನ್ನ ಬಿಟ್ಟ ಹ್ವಾದಾಂವ ನಾನ್ರಿ. ತಪ್ಪ ನಂದು,” ಅಂದರು. ಅದರಲ್ಲಿ ಒಂದು ಅಕ್ಷರ ಸುಳ್ಳಿರಲಿಲ್ಲ. ಮೂರು ಸಲದ ಮಾತು ಮಾತ್ರ ಅದರಲ್ಲಿ ಇರಲಿಲ್ಲ. ಅವರನ್ನು ಮತ್ತೆ ಜನರೇಟರ್ ಶೆಡ್ಡಿಗೆ ಹಾಕಿದರು. ಕೋಣೆಯ ಕೀಲಿಕೈ ನನ್ನ ಕೈಗೆ ಬಂತು.

ಎರಡು ವರ್ಷ ಅವರು ಆ ಶೆಡ್ಡಿನಲ್ಲಿ ದುಡಿದರು. ಏನೋ ಹೇಳಿಬಿಡಬೇಕೆಂದು ನಾನು ಅತ್ತ ಹೋದಾಗಲೆಲ್ಲ, “ನಿನ್ನಿ ಬ್ಯಾಕಪ್ ತಗೊಂಡಿಯೇನ?” ಎಂದು ಕೇಳಿ ಮಾತು ತಿರುಗಿಸುತ್ತಿದ್ದರು. ತಗೊಂಡೇನ್ರಿ ಅನ್ನುತ್ತಿದ್ದೆ. ಅಷ್ಟೇ ನಮ್ಮ ಮಾತು. ಮೂರನೆಯ ವರ್ಷದ ಚಳಿಗಾಲದಲ್ಲಿ ಎದೆನೋವೆಂದು ಮಲಗಿದವರು ಅದೇ ಆಸ್ಪತ್ರೆಯಲ್ಲಿ ತೀರಿಕೊಂಡರು.

ಹದಿನೈದು ದಿನ ಬಿಟ್ಟು ಅವರ ಮನೆಗೆ ಹೋದೆ. ಅವರ ಹೆಂಡತಿ ಕಾಕೂ ಜೋಳ ಹಸನು ಮಾಡುತ್ತಾ ಕುಳಿತಿದ್ದರು. ಅವರ ಎದುರು ಕುಳಿತು ಎಲ್ಲವನ್ನೂ ಹೇಳಿದೆ. ಸ್ವಿಚ್ಚಿನದು, ಮೂರು ಸಲದ್ದು, ಟ್ರಸ್ಟಿನವರ ಮುಂದೆ ಬಾಯಿ ಬಿಡದೆ ಕುಳಿತದ್ದು. ಕಾಕೂ ಮೊರ ಕೆಳಗಿಟ್ಟರು.

“ನನಗ ಗೊತ್ತೈತಿ,” ಅಂದರು. “ಅವತ್ತ ಬಂದು ತಾಟಿನ ಮುಂದ ಕುಂತ್ರು. ತುತ್ತು ಎತ್ತಲೇ ಇಲ್ಲ. ಆ ಹುಡುಗಿ ಅಂಜಿ ಮನಿಗೆ ಹೋಗ್ಯಾಳ, ಉಂಡಾಳೊ ಇಲ್ಲೊ ಅಂದು, ತಾಟ ಸರಿಸಿ ಎದ್ದ ಹ್ವಾದ್ರು.”

ನಾನು ಉಂಡಿದ್ದೆ. ಅವ್ವ ಬಿಸಿ ರೊಟ್ಟಿ ಮಾಡಿ ಹಾಕಿದ್ದಳು. ನಾನು ಹೊಟ್ಟೆ ತುಂಬ ಉಂಡು ಮಲಗಿದ್ದೆ.