ಪರದೆಯ ಮೇಲಿನ ದೊಡ್ಡಪ್ಪ

ಟಿ. ನರಸೀಪುರದ ಮದುವೆಗಳಲ್ಲಿ ಊಟದ ಹಾಲ್‌ನಲ್ಲಿ ಪರದೆ ಕಟ್ಟಿ, ಮಂಟಪದಲ್ಲಿ ನಡೆಯೋದನ್ನು ಅಲ್ಲಿಗೇ ತೋರಿಸುತ್ತಿದ್ದ ವಿಡಿಯೋದವನು ಅವನು. ಬಾಯಿತುಂಬ ಎಲೆಅಡಿಕೆ, ಮಾತಾಡಬೇಕಾದರೆ ಗದ್ದವನ್ನು ಸೂರಿಗೆ ಎತ್ತುತ್ತಿದ್ದ. ಕ್ಯಾಮೆರಾದಿಂದ ವೈಫೈನಲ್ಲಿ ಬರುವ ಚಿತ್ರದ ಚೂರುಗಳು ದಾರಿಯಲ್ಲಿ ಕಳೆದುಹೋದರೆ, ಪರದೆಗೆ ಚಿತ್ರ ಕೊಡುವ ಅವನ ಡಬ್ಬ ಹಿಂದಿನ ಚಿತ್ರದ ಚೂರುಗಳನ್ನೇ ಅಲ್ಲಿಗೆ ಅಂಟಿಸಿ ಮಾನ ಮುಚ್ಚುತ್ತಿತ್ತು. ಮದುಮಗಳ ಮೂಗು ಕೆನ್ನೆಗೆ ಜಾರಿದರೂ ಅವನದು ಒಂದೇ ಮಾತು: "ತ್ಯಾಪೆ ಆಕ್ಕತದೆ ಬುಡಿ ಸಾ."

ನಮ್ಮಕ್ಕನ ಮದುವೆಯಲ್ಲಿ ಧಾರೆಗೆ ಹಾಲೆರೆಯಲು ಸೋದರಮಾವನನ್ನು ಮೊದಲು ಕರೆದರೆಂದು ಸೋಸಲೆಯ ದೊಡ್ಡಪ್ಪ ಸಿಟ್ಟಾಗಿ ಮಂಟಪದಿಂದ ಎದ್ದುಬಂದರು. ಊಟದ ಹಾಲ್‌ನಲ್ಲಿ ನಿಂತು, "ಇನ್ನು ಈ ಮನೇಲಿ ನೀರೂ ಕುಡಿಯಾಕಿಲ್ಲ ಕಣ್ರೋ!" ಅಂತ ಗುಡುಗಿದರು. ಎಲೆ ಮುಂದೆ ಕೂತವರೆಲ್ಲ ಒಮ್ಮೆ ಅವರನ್ನು, ಒಮ್ಮೆ ಪರದೆಯನ್ನು ನೋಡಿದರು. ಸಿಗ್ನಲ್ ಕೆಟ್ಟಿತ್ತು. ಪರದೆಯಲ್ಲಿ ದೊಡ್ಡಪ್ಪ ಇನ್ನೂ ಮಂಟಪದಲ್ಲೇ ಹಲ್ಲು ಕಿರಿದುಕೊಂಡು ಕೂತಿದ್ದರು.

ವಿಡಿಯೋದವನು ಪರದೆ ತೋರಿಸುತ್ತಾ ಗದ್ದ ಎತ್ತಿದ. "ಇಲ್ಲಿ ನೀವಿನ್ನೂ ಎದ್ದೇ ಇಲ್ಲ ಯಜಮಾನ್ರೇ. ಸಿಗ್ನಲ್ ಬರೋದ್ರೊಳಗೆ ಓಗಿ ಕೂತ್ಕಬುಡಿ."

ದೊಡ್ಡಪ್ಪ ಪಂಚೆ ಎತ್ತಿಕೊಂಡು ಓಡಿದರು. ಚಿತ್ರ ಸರಿಹೋದಾಗ ನಗುತ್ತಾ ಹಾಲೆರೆಯುತ್ತಿದ್ದರು. ಸ್ವಲ್ಪ ಏದುಸಿರು ಬಿಡುತ್ತಿದ್ದರು, ಅಷ್ಟೆ.