ಬಿಟ್ಟವರ ಬೈಠಕ್

ಬೆಟಗೇರಿಯ ತಿರಕಪ್ಪ ಮಗ್ಗದ ಮುಂದೆ ಕೂತರೆ ದೇವರಂಥ ಮನುಷ್ಯ. ಎದ್ದರೆ ಮಾತ್ರ ಕಾಲು ತಾವಾಗಿಯೇ ದಾರೂ ಸಿಗುವ ಕಡೆ ತಿರುಗುತ್ತಿದ್ದವು. ಮುಂಬಯಿ ಸರಕಾರ ದಾರೂಬಂದಿ ತಂದಾಗ ಅವನ ಹೆಂಡತಿ ಹುಚ್ಚವ್ವ ಹನುಮಂತದೇವರಿಗೆ ಕಾಯಿ ಒಡೆಸಿದಳು. ಪಾಪ, ಕಾಯಿ ದಂಡವಾಯಿತು. ಕಾಯಿದೆ ಅಂಗಡಿಗೆ ಬೀಗ ಹಾಕಿತೇ ಹೊರತು ಬಾಯಿಗೆ ಹಾಕಲಿಲ್ಲ. ಸರಕಾರ ಚಾಪೆ ಕೆಳಗೆ ತೂರಿದರೆ ನಮ್ಮ ಕುಡುಕರು ರಂಗೋಲಿ ಕೆಳಗೆ ತೂರುವವರು. ಕೆಲವರು ಮುಂಡರಗಿ ದಾಟಿ, ಮೊಗಲಾಯಿ ಎನ್ನುತ್ತಿದ್ದ ಹೈದರಾಬಾದ್ ಸೀಮೆಗೆ ಹೋಗಿ ಕುಡಿದು ಬಂದರು. ಅಷ್ಟು ದೂರ ಹೋಗಲಾರದವರಿಗೆ ಗದುಗಿನ ಸ್ಟೇಷನ್ನಿನ ಆಚೆ ಜಾಲಿಕಂಟಿಯ ಪೊದೆಗಳ ನಡುವೆ ಕಳ್ಳಭಟ್ಟಿ ಹುಟ್ಟಿಕೊಂಡಿತು. ತಿರಕಪ್ಪ ಎರಡೂ ಕಡೆ ಬೇಕಾದವನು.

ಹೀಗೇ ವರ್ಷಗಳು ಕಳೆದವು. ಕರ್ನಾಟಕ ಒಂದಾಯಿತೆಂದು ಓಣಿಯಲ್ಲೆಲ್ಲ ಸಕ್ಕರೆ ಹಂಚಿದ ದಿನವೂ ಅವನನ್ನು ನಾಲ್ಕು ಮಂದಿ ಹೊತ್ತು ತಂದು ಮನೆಯ ಕಟ್ಟೆಯ ಮೇಲೆ ಹಾಕಿ ಹೋದರು. ಮರುದಿನ ಹುಚ್ಚವ್ವ ಅಳಲೂ ಇಲ್ಲ, ಬೈಯಲೂ ಇಲ್ಲ. ತಿರಕಪ್ಪನಿಗೆ ಹೆದರಿಕೆಯಾದದ್ದು ಅದಕ್ಕೇ.

"ಇನ್ನೊಮ್ಮಿ ಮಂದಿ ನಿನ್ನ ತಂದು ಈ ಕಟ್ಟಿಮ್ಯಾಲ ಒಗದ್ರ, ನಾ ತವರಮನಿಗೆ ಹೋಗತೀನಿ. ಕುರ್ತಕೋಟ್ಯಾಗ ಕೂಲಿ ಮಾಡಿ ತಿಂತೀನಿ," ಎಂದಳು.

ಹುಚ್ಚವ್ವ ಆಡಿದಳೆಂದರೆ ಮುಗಿಯಿತು. ಅವಳು ಹೋದರೆ ಕಂಡಿಕೆಗೆ ನೂಲು ಸುತ್ತಿಕೊಡುವವರು ಯಾರು? ಕಂಡಿಕೆ ಇಲ್ಲದ ಲಾಳಿ ಬರೀ ಕಟ್ಟಿಗೆ. ಮಗ್ಗದ ಮಾತು ಹಾಗಿರಲಿ, ಅವಳಿಲ್ಲದ ಮನೆಯನ್ನು ನೆನೆಯುವುದೂ ಅವನಿಂದಾಗದು. ಹೆಂಡತಿಯೆಂದರೆ ಅವನಿಗೆ ಜೀವ. ಅದನ್ನು ಕುಡಿಯದೆ ಎಂದೂ ಹೇಳಿರಲಿಲ್ಲ, ಅಷ್ಟೇ.

ಆ ವಾರ ಬಳೆ ಮಾರಲು ಬಂದ ಗುಲಾಬಬಿ ಒಂದು ಸುದ್ದಿ ತಂದಳು. "ಗದಗಿನ್ಯಾಗ ಕುಡಿಯೂದು ಬಿಟ್ಟವ್ರು ಸೋಮಾರ ಸಂಜಿಕ ಒಂದ ಕಡೆ ಬೈಠಕ್ ಕೂಡ್ತಾರಂತ, ತಿರಕಣ್ಣಾ. ತಮ್ಮ ತಮ್ಮ ಪಾಡು ಹೇಳ್ಕೋತಾರಂತ. ಎಲ್ಲಿ ಅಂತ ನನಗ ಖಬರಿಲ್ಲ. ಕೇಳ್ಕೋತ ಹೋಗು."

ಸೋಮವಾರ ಇಳಿಹೊತ್ತಿಗೆ ಹೊರಟ. ಕೇಳುತ್ತ ಹೋದದ್ದೇ ತಪ್ಪಾಯಿತು. ರಾಜ್ಯ ಬದಲಾದರೂ ಹೋಗದ ದಾರೂಬಂದಿಯ ಕಾಲದಲ್ಲಿ ಕೆಂಪು ಕಣ್ಣಿನವನೊಬ್ಬ ದನಿ ತಗ್ಗಿಸಿ, "ಕುಡಿಯೂದು ಬಿಟ್ಟವ್ರು ಎಲ್ಲಿ ಕೂಡ್ತಾರ್ರಿ?" ಎಂದರೆ ನಂಬುವವರಾರು? ಪೊಲೀಸರ ಭಯಕ್ಕೆ ಹೀಗೆ ಸುತ್ತಿ ಬಳಸಿ ಕೇಳುತ್ತಾನೆಂದೇ ಎಲ್ಲರೂ ತಿಳಿದರು. ಚಹಾದಂಗಡಿಯವನು ಕಣ್ಣು ಹೊಡೆದು ಸ್ಟೇಷನ್ ಕಡೆ ತೋರಿಸಿದ. ಅಲ್ಲಿಯ ಹಮಾಲನೊಬ್ಬ ಕೈಹಿಡಿದು ಕರೆದೊಯ್ದು ಜಾಲಿಕಂಟಿಯ ಬಾಯಿಗೇ ಬಿಟ್ಟ. ಪರೋಪಕಾರಿ ಜನ ನಮ್ಮವರು. ಬೈಠಕ್ಕೂ ಅಲ್ಲೇ ಎಲ್ಲೋ ಇದ್ದೀತೆಂದು ತಿರಕಪ್ಪ ತನಗೆ ತಾನೇ ಹೇಳಿಕೊಂಡ. ಕಾಲಿಗೂ ಆ ದಾರಿ ರೂಢಿಯಾಗಿತ್ತು.

ಭಟ್ಟಿಯ ಸಕ್ರಪ್ಪ ಅವನನ್ನು ಕಂಡವನೇ ಬಟ್ಟಲು ತುಂಬಿ ಮುಂದಿಟ್ಟ. ವಾಸನೆ ಮೂಗಿಗೆ ಬಡಿಯಿತು. ಇದೊಂದು ಆಗಲಿ, ನಾಳೆಯಿಂದ ಬಿಟ್ಟರಾಯಿತು ಎಂದಿತು ಮನಸ್ಸು. ಕೈ ಮುಂದೆ ಹೋಯಿತು ಕೂಡ. ಆಗಲೇ ಅಳದೆ ಮಾತಾಡಿದ ಹೆಂಡತಿಯ ಮುಖ ಕಣ್ಣಿಗೆ ಕಟ್ಟಿತು. ಕೈ ಹಿಂದಕ್ಕೆಳೆದುಕೊಂಡ.

"ಇದು ಬ್ಯಾಡ ಸಕ್ರಪ್ಪಾ. ಬಿಟ್ಟವ್ರು ಕೂಡೂ ಜಾಗಾ ನಿನಗೇನರ ಗೊತ್ತೈತೇನು?"

ಸಕ್ರಪ್ಪ ಉರಿದುಬಿದ್ದ. "ನನಗ ಗೊತ್ತಿಲ್ದ ಯಾರಿಗೆ ಗೊತ್ತಿರತೈತಿ? ನನ್ನ ಖಾಯಂ ಗಿರಾಕಿಗೋಳ್ನೆಲ್ಲಾ ಕೆಡಿಸಿ ಕುಂದ್ರಿಸ್ಯಾನ ಆ ಮಾರ್ತಾಂಡ ಮಾಸ್ತರ. ಹತ್ತೀ ಮಾರ್ಕೆಟ್ಟಿನ ಹಿಂದ, ಬೇವಿನಗಿಡದ ಮನಿ. ಹೋಗು, ನೀನೂ ಹಾಳಾಗಿ ಹೋಗು."

ಅಂಥ ಆಶೀರ್ವಾದ ಯಾರಿಗೆ ಸಿಗುತ್ತದೆ! ತಿರಕಪ್ಪ ಓಡಿದ.

ಬೇವಿನಗಿಡದ ಮನೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ನಾಲ್ಕೈದು ಮಂದಿ ಚುರುಮುರಿ, ಉಳ್ಳಾಗಡ್ಡಿ ತಿನ್ನುತ್ತ ಕೂತಿದ್ದರು. ಜನಿವಾರದ ಮೈಯ ಮಾಸ್ತರರು ಎದ್ದು ಬಂದರು. "ಬಾರಪಾ. ನಾನೂ ನಿನ್ಹಾಂಗ ಇದ್ದೆ. ಸಾಲ್ಯಾಗ ಹುಡುಗ್ರ ಮುಂದ ಬಿದ್ದವ. ಇಲ್ಲೆ ಯಾರೂ ಯಾರಿಗೂ ಬುದ್ಧಿ ಹೇಳೂದಿಲ್ಲ. ಕುಂಡ್ರು." ತಿರಕಪ್ಪ ಚಹಾ ಕುಡಿದು, ಈಗಷ್ಟೇ ಬಿಟ್ಟು ಬಂದ ಬಟ್ಟಲಿನ ಕಥೆ ಹೇಳಿದ. ಯಾರೂ ನಗಲಿಲ್ಲ. ಎಷ್ಟೋ ವರ್ಷದ ಮೇಲೆ ಅವನಿಗೆ ಮೈ ಹಗುರಾಯಿತು.

ಹೊಸಬನನ್ನು ಮೊದಲ ದಿನ ಒಬ್ಬನೇ ಕಳಿಸದೆ ಎಲ್ಲರೂ ಕೂಡಿ ಮನೆ ಮುಟ್ಟಿಸುವುದು ಆ ಬೈಠಕ್ಕಿನ ಪದ್ಧತಿ. ಮುಂದೆ ತಿರಕಪ್ಪನೂ ಸಾಯುವತನಕ ಎಷ್ಟೋ ಮಂದಿಯನ್ನು ಹಾಗೆ ಮುಟ್ಟಿಸಿ ಬಂದ. ಆದರೆ ಅಂದು ಆ ಪದ್ಧತಿಯೇ ಅವನ ಮನೆ ಮುರಿಯುವುದರಲ್ಲಿತ್ತು. ಅವನು ಜಾಲಿಕಂಟಿಗೆ ಹೋದ ಸುದ್ದಿ ಅವನಿಗಿಂತ ಮೊದಲೇ ಬೆಟಗೇರಿ ಮುಟ್ಟಿತ್ತು. ಹುಚ್ಚವ್ವ ಬುತ್ತಿ ಕಟ್ಟಿ ಬಾಗಿಲಲ್ಲಿ ನಿಂತಿದ್ದಳು. ಓಣಿಯ ತುದಿಯಲ್ಲಿ ಗಂಡನ ಜೊತೆ ಗಂಡಸರ ಗುಂಪು ಕಂಡದ್ದೇ ಗಂಟನ್ನು ಕಂಕುಳಿಗೇರಿಸಿದಳು.

"ಅಲ್ಲೇ ಕಟ್ಟಿಮ್ಯಾಲ ಒಗೀರಿ. ನಾ ಹೊಂಟೆ."

"ನಾವು ಇವನ್ನ ತಂದಿಲ್ಲ ತಂಗೀ," ಎಂದರು ಮಾಸ್ತರರು. "ನಿಮ್ಮ ಓಣಿ ನಮಗೆಲ್ಲಿ ಗೊತ್ತು? ಇವನೇ ನಮ್ಮನ್ನ ಕರಕೊಂಡ ಬಂದಾನ."

ಹುಚ್ಚವ್ವ ನೋಡಿದಳು. ಹೌದು, ಗಂಡ ಎಲ್ಲರಿಗಿಂತ ಮುಂದೆ, ತನ್ನ ಕಾಲ ಮೇಲೆ ನಿಂತಿದ್ದ. ಆದರೂ ನಂಬಿಕೆ ಬರಲಿಲ್ಲ. ಅಷ್ಟು ಮಂದಿಯ ಎದುರೇ ನಾಚಿಕೆ ಬಿಟ್ಟು ಅವನ ಬಾಯಿ ಮೂಸಿದಳು. ಉಳ್ಳಾಗಡ್ಡಿ ಮತ್ತು ಚಹಾ. ಬಾಗಿಲಿಗೆ ಒರಗಿ, ಅಷ್ಟು ದಿನ ತಡೆದಿದ್ದದ್ದನ್ನೆಲ್ಲ ಅತ್ತುಬಿಟ್ಟಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು.

"ದೂರದಿಂದ ನಡದ ಬಂದೀರಿ, ಹಸದಿರಬೇಕು. ಕುಂಡ್ರಿ ಎಲ್ಲಾರೂ."

ಗಂಟು ಬಿಚ್ಚಿ ಜೋಳದ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಇಟ್ಟು ಹಂಚಿದಳು. ಮೊದಲು ಕೈಯೊಡ್ಡಿದವರು ಜನಿವಾರದ ಮಾರ್ತಾಂಡ ಮಾಸ್ತರರೇ. ಕುರ್ತಕೋಟಿಯ ದಾರಿಗೆಂದು ಕಟ್ಟಿದ್ದ ಬುತ್ತಿ ಆ ಕಟ್ಟೆಯ ಮೇಲೆಯೇ ಮುಗಿದುಹೋಯಿತು.