ಖಾಲಿ ಹೊಟ್ಟೆಯ ರಕ್ತ

ರಾತ್ರಿ ಹತ್ತಕ್ಕೆ ಮಲಗಿ, ಬೆಳಿಗ್ಗೆ ಐದಕ್ಕೆ ಎದ್ದು ವಾಕಿಂಗ್ ಮಾಡಿ ಎಂದು ನನಗೆ ಉಪದೇಶ ಮಾಡಿದವರಿಗೆ ಲೆಕ್ಕವಿಲ್ಲ. ಅವರೆಲ್ಲ ಹತ್ತಕ್ಕೆ ಫ್ಯಾನ್ ಹಾಕಿಕೊಂಡು ಮಲಗುವವರು. ಆ ಫ್ಯಾನ್ ತಿರುಗಲಿ ಎಂದು ಎದ್ದು ಕೂತಿರುವವನು ನಾನು. ಶಿಕಾರಿಪುರದ ಕಡೆ ಒಂದು ವಿದ್ಯುತ್ ಉಪಕೇಂದ್ರದಲ್ಲಿ ಆಪರೇಟರ್. ಯಾವ ಊರಿನ ಲೈನಿಗೆ ಎಷ್ಟು ಹೊತ್ತಿಗೆ ಕರೆಂಟ್ ಬಿಡಬೇಕು, ಎಷ್ಟು ಹೊತ್ತಿಗೆ ತೆಗೆಯಬೇಕು ಎಂದು ನೋಡಿಕೊಳ್ಳುವುದು, ಗಂಟೆಗೊಮ್ಮೆ ಮೀಟರ್ ಓದಿ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಹನ್ನೊಂದು ವರ್ಷವಾಯಿತು. ಜೊತೆಯವರಿಗೆ ಸದಾ ಮದುವೆ, ಮುಂಜಿ, ಗೃಹಪ್ರವೇಶ. ಹಾಗಾಗಿ ರಾತ್ರಿಪಾಳಿಯ ಹೆಚ್ಚಿನ ಪಾಲು ನನ್ನ ತಲೆಗೇ ಬಂತು.

"ಕೂತ್ಕೊಂಡು ಮಾಡೋ ಕೆಲ್ಸ, ನಿಮ್ಗೇನು ಬಿಡಿ" ಎನ್ನುತ್ತಾರೆ ಜನ. ನಿಜ, ಕೂತೇ ಮಾಡುವುದು. ಕೂತಲ್ಲೇ ಹೊಟ್ಟೆ ಮುಂದೆ ಬಂತು, ಎದೆಯುರಿ ಬಂತು, ಕಣ್ಣಿನ ಕೆಳಗೆ ಕಪ್ಪು ಬಂತು. ಮೂಗಿನ ತುದಿಯಲ್ಲೇ ಸಿಟ್ಟು ಬಂತು. ಹೆಂಡತಿಯ ಪ್ರಕಾರ ಅದು ಮೊದಲೇ ಇತ್ತು.

ಮನೆ ಇರುವುದು ಸೊರಬ ತಾಲ್ಲೂಕಿನ ಜಡೆಯ ಹತ್ತಿರ. ಪಾಳಿ ಮುಗಿಸಿ, ಬಸ್ಸು ಬದಲಿಸಿ ಮನೆ ಸೇರುವಾಗ ಹತ್ತು ದಾಟಿರುತ್ತದೆ. ಕಿಟಕಿಗೆ ಕಂಬಳಿ ಕಟ್ಟಿ ಮಲಗಬೇಕು. ಹೆಂಡತಿ ಪಾಪ, ಮಿಕ್ಸಿ ಹಾಕುವುದಿಲ್ಲ, ಒರಳಲ್ಲೇ ರುಬ್ಬುತ್ತಾಳೆ. ಆದರೆ ಊರಿಗೆ ಅಂಥ ದಾಕ್ಷಿಣ್ಯವಿಲ್ಲ. "ಕರೆಂಟಿನವ್ರು ಇದಾರಾ? ನಮ್ಮನೆ ಫ್ಯೂಸ್ ಹೋಗಿದೆ" ಎಂದು ಬಾಗಿಲು ಬಡಿಯುತ್ತಾರೆ. ಫ್ಯೂಸಿಗೂ ನನಗೂ ಸಂಬಂಧವಿಲ್ಲ ಎಂದರೆ ನಂಬುವುದಿಲ್ಲ. ಒಮ್ಮೆ ಕುಪ್ಪಗಡ್ಡೆಯಿಂದ ಹೆಂಡತಿಯ ಅಣ್ಣ ಬಂದವನು ಹನ್ನೆರಡು ಗಂಟೆಗೆ ನಾನು ಮಲಗಿದ್ದು ನೋಡಿ, "ಎಂತ ಭಾವ, ಹುಷಾರಿಲ್ವ?" ಎಂದ. ರಾತ್ರಿಪಾಳಿ ಎಂದೆ. "ಅಲ್ಲೇ ಒಂದ್ ಗಳಿಗೆ ಮಲಗ್ಬಹುದಲ್ಲ ಮಾರಾಯ್ರೇ" ಎಂದ. ತೋಟದ ಮೋಟರಿಗೆ ತ್ರೀ ಫೇಸ್ ಕರೆಂಟ್ ಹತ್ತು ನಿಮಿಷ ತಡವಾದರೆ, ಅವನೂರಿನ ಲೈನ್ ನನ್ನ ಕೈಯಲ್ಲಿ ಇಲ್ಲದಿದ್ದರೂ, ಅಪರಾತ್ರಿಯಲ್ಲಿ ನನಗೇ ಫೋನ್ ಮಾಡುವ ಮಹಾನುಭಾವ ಇವನೇ.

ಹೀಗೆ ಎಲ್ಲರನ್ನೂ ಆಡಿಕೊಂಡು ನಾನು ಚೆನ್ನಾಗಿಯೇ ಇದ್ದೆ. ಒಂದೇ ಒಂದು ವಿಷಯಕ್ಕೆ ನನ್ನ ಬಾಯಿ ಕಟ್ಟುತ್ತಿತ್ತು. ನನ್ನ ಅಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು. ಕೊನೆಗೆ ಎಡಗಾಲಿನ ಎರಡು ಬೆರಳು ಹೋದವು. ಆ ಕಾಲಿನ ಬ್ಯಾಂಡೇಜು ಬಿಚ್ಚುವಾಗ ಬರುತ್ತಿದ್ದ ವಾಸನೆ ನನಗೆ ಇವತ್ತಿಗೂ ಗೊತ್ತು.

ಹೋದ ವರ್ಷ ಬಾಯಾರಿಕೆ ವಿಪರೀತವಾಯಿತು. ಶಿಕಾರಿಪುರದ ಡಾಕ್ಟರೊಬ್ಬರು ನನ್ನ ಹೊಟ್ಟೆಯನ್ನು ನೋಡಿ, ಅದೇ ಐದು ಗಂಟೆಯ ವಾಕಿಂಗಿನ ಮಂತ್ರ ಹೇಳಿ, "ನಾಳೆ ಬೆಳಿಗ್ಗೆ ಖಾಲಿ ಹೊಟ್ಟೇಲಿ ಲ್ಯಾಬಿಗೆ ಹೋಗಿ ರಕ್ತ ಕೊಡಿ. ರಾತ್ರಿ ಊಟ ಆದ್ಮೇಲೆ ನೀರು ಬಿಟ್ಟು ಏನೂ ತಗೋಬೇಡಿ" ಎಂದರು. ಚಾಚೂ ತಪ್ಪದೆ ಪಾಲಿಸಿದೆ. ಆ ರಾತ್ರಿ ಡಬ್ಬಿಯ ಅನ್ನ ಸಾರು ಉಂಡ ಮೇಲೆ ಬಾಯಿಗೆ ಏನೂ ಹಾಕಲಿಲ್ಲ. ನಸುಕಿನಲ್ಲಿ ಜೊತೆಯವನು ಫ್ಲಾಸ್ಕಿನಿಂದ ಚಹಾ ಬಗ್ಗಿಸಿದರೆ ಬೇಡವೆಂದೆ. ಎಂಟು ಗಂಟೆಗೆ ಲ್ಯಾಬಿನ ಹುಡುಗಿ, "ಖಾಲಿ ಹೊಟ್ಟೇನಾ ಸರ್?" ಎಂದಾಗ ಏಕಾದಶಿ ಮಾಡಿದವನ ಗತ್ತಿನಲ್ಲಿ ಹೌದು ಎಂದೆ.

ಸಕ್ಕರೆ ಜಾಸ್ತಿ ಎಂದು ಬಂತು. ಮನೆಗೆ ಬಂದು ಚೀಟಿಯನ್ನು ಒರಳಿನ ಪಕ್ಕ ಇಟ್ಟೆ. ಹೆಂಡತಿ ಚೀಟಿ ಓದಿ, ಸ್ವಲ್ಪ ಯೋಚಿಸಿ, "ರೀ, ರಾತ್ರಿ ಊಟ ಮಾಡಿದ್ದು ಎಷ್ಟೊತ್ತಿಗೆ?" ಎಂದಳು.

"ದಿನಾ ಮಾಡೋ ಹೊತ್ತಿಗೆ. ಎರಡೂವರೆ."

"ಅಯ್ಯೋ, ಅವ್ರು ಹೇಳಿದ್ದು ಎಂಟು ಗಂಟೆ ಊಟ ಕಣ್ರೀ! ಎರಡೂವರೆಗೆ ಉಂಡು ಎಂಟಕ್ಕೆ ರಕ್ತ ಕೊಟ್ರೆ ಖಾಲಿ ಹೊಟ್ಟೆ ಎಲ್ಲಾಯ್ತು?"

ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಹೋದ ಜೀವ ಬಂತು. ಸರಿಯಾಗಿ ಇನ್ನೊಮ್ಮೆ ಪರೀಕ್ಷೆ ಮಾಡಿಸಿ ಎಂದು ಅವಳು ಅಂದಳು, ತಿಂಗಳಿಗೊಮ್ಮೆಯಾದರೂ ಅಂದಳು. ನಾನು ಮಾಡಿಸಲಿಲ್ಲ. ಬದಲಿಗೆ ಅದೊಂದು ಕತೆಯಾಯಿತು. ಉಪಕೇಂದ್ರದಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಹೇಳಿದ್ದೇ ಹೇಳಿದ್ದು. "ನೋಡ್ರೀ, ಲೋಕಕ್ಕೆಲ್ಲ ಇರೋದು ಒಂದೇ ರಾತ್ರಿ ಅಂತ ತಿಳ್ಕೊಂಡಿದಾರೆ ಈ ಡಾಕ್ಟ್ರು. ಊಟ ಎಷ್ಟೊತ್ತಿಗೆ ಅಂತ ಕೇಳೋ ಬುದ್ಧಿ ಬೇಡ್ವಾ?" ಎಂದು ಹೇಳಿ, ಜನ ನಗುವಾಗ ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುತ್ತಿದ್ದೆ. ಅಂಥ ಜಾಣ ನಾನು.

ಈ ಮಳೆಗಾಲದ ಒಂದು ಬೆಳಿಗ್ಗೆ ಹಿತ್ತಲಿನಿಂದ ಹೆಂಡತಿಯ ಕೂಗು ಬಂತು. "ರೀ, ಇದೆಂತ ಇದು, ಸಾಕ್ಸ್ ತುಂಬ ರಕ್ತ?" ಕಾಲು ನೋಡಿಕೊಂಡೆ. ಬಲಗಾಲಿನ ಹೆಬ್ಬೆರಳ ಬುಡ ಸುಲಿದು ಹಸಿಯಾಗಿತ್ತು. ಶೂ ಬಗ್ಗಿಸಿದಾಗ ಒಂದು ಜಲ್ಲಿಕಲ್ಲು ಬಿತ್ತು, ಹುಣಸೆ ಬೀಜದಷ್ಟು. ಉಪಕೇಂದ್ರದ ಅಂಗಳದ ತುಂಬ ಅದೇ ಜಲ್ಲಿ ಹಾಸಿದ್ದಾರೆ. ರಾತ್ರಿಯಿಡೀ ಅದರ ಮೇಲೆ ಕಾಲೂರಿ ಓಡಾಡಿದ್ದೇನೆ, ಎರಡು ಬಸ್ಸು ಹತ್ತಿ ಇಳಿದಿದ್ದೇನೆ. ಏನೂ ಗೊತ್ತಾಗಿಲ್ಲ. ಹೆಂಡತಿ ಉಗುರಿನಿಂದ ಹೆಬ್ಬೆರಳನ್ನು ಒತ್ತಿ, "ನೋವಾಗತ್ತಾ?" ಎಂದಳು. ಆಗುತ್ತದೆ ಎಂದು ಸುಳ್ಳು ಹೇಳಿದೆ. ಅವಳು ಒಳಗೆ ಹೋಗಿ ಸೀರೆ ಬದಲಿಸಿಕೊಂಡು ಬಂದು, "ಏಳಿ" ಎಂದಳು.

ಶಿಕಾರಿಪುರದ ಅದೇ ಡಾಕ್ಟರು ಕಾಲು ನೋಡಿ ಬೇರೊಂದು ರಕ್ತಪರೀಕ್ಷೆಗೆ ಬರೆದುಕೊಟ್ಟರು. ಲ್ಯಾಬಿನಲ್ಲೂ ಅದೇ ಹುಡುಗಿ. ಬಸ್ಸಿಗೆ ಮೊದಲು ದೋಸೆ ತಿಂದಿದ್ದೇನೆ, ಇವತ್ತು ಲೆಕ್ಕಕ್ಕೆ ಬರುವುದಿಲ್ಲ ಎಂದು ಆಸೆಯಿಂದಲೇ ಹೇಳಿದೆ. "ಇದಕ್ಕೆ ಖಾಲಿ ಹೊಟ್ಟೆ ಬೇಕಾಗಿಲ್ರೀ ಸರ್. ನೀವು ಯಾವಾಗ್ ಉಂಡ್ರೂ ಅಷ್ಟೇ. ಮೂರು ತಿಂಗ್ಳ ಸಕ್ಕರೆ ಒಟ್ಟಿಗೇ ಹೇಳುತ್ತೆ" ಎಂದು ಸೂಜಿ ಚುಚ್ಚಿದಳು. ಮೂರು ತಿಂಗಳ ರಕ್ತ ಹೇಳಿದ್ದನ್ನು ಓದಲು ಡಾಕ್ಟರಿಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಅಪ್ಪನ ಕಾಯಿಲೆಯೇ. ಬಂದು ಬಹಳ ದಿನವಾಗಿದೆ ಎಂದರು. ರಾತ್ರಿಪಾಳಿ ಬಿಡಿಸಿಕೊಳ್ಳಲು ಕಾಗದ ಬರೆದುಕೊಟ್ಟು, ಮಾತ್ರೆಯ ಚೀಟಿಗೆ ಕೈಹಾಕಿ, "ರಾತ್ರಿ ಊಟಕ್ಕೆ ಮುಂಚೆ ಒಂದು" ಎಂದರು.

"ಪಾಳಿ ಬದಲಾಗೋವರೆಗೆ ನನ್ನ ರಾತ್ರಿ ಊಟ ಎರಡೂವರೆಗೆ ಸರ್" ಎಂದೆ.

ಅವರ ಪೆನ್ನು ನಿಂತಿತು. "ಹೋದ ವರ್ಷ ರಕ್ತ ಕೊಟ್ಟಾಗ್ಲೂ?"

"ಹೌದು ಸರ್."

"ಅದು ಗೊತ್ತಿದ್ದೂ ಮತ್ತೆ ಯಾಕ್ರೀ ಬರ್ಲಿಲ್ಲ ನೀವು?"

ನೀವು ಕೇಳಲಿಲ್ಲವಲ್ಲ ಎನ್ನಬಹುದಿತ್ತು. ಮದುವೆ ಮನೆಗಳಲ್ಲಿ ಅಷ್ಟು ಸಲ ಹೇಳಿದ ಮಾತು, ಬಾಯಿಪಾಠವೇ ಆಗಿತ್ತು. ಪಕ್ಕದಲ್ಲಿ ಹೆಂಡತಿ ನನ್ನ ಬಲಗಾಲಿನ ಶೂವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು.

"ಹೆದರಿದ್ದೆ ಸರ್" ಎಂದೆ.